ಮುಚ್ಚಿಟ್ಟ ತುರುಪು, ಎಣಿಸುವ ಯಂತ್ರ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮದುವೆ, ಮುಂಜಿ ಎಂದು ಯಾವ ಮನೆಗೆ ಹೋದರೂ ಊಟವಾಗಿ ಕವಳ ಹಾಕಿದ ಮೇಲೆ ಜಗಲಿಯ ಮೂಲೆಯಲ್ಲೊಂದು ಜಮಖಾನೆ ಬೀಳುತ್ತದೆ. ಅದರ ಸುತ್ತ ಕೂತವರದು ಇಸ್ಪೀಟು ಮಂಡಲ. ರಮ್ಮಿ ಆಡುವವರೂ ಇರುತ್ತಾರೆ, ಆದರೆ ಜೊತೆಗಾರನನ್ನು ಎದುರಿಗೆ ಕೂರಿಸಿಕೊಂಡು ಆಡುವ ಇಪ್ಪತ್ತೆಂಟರ ಗತ್ತೇ ಬೇರೆ. ಈ ಆಟವನ್ನು ಪುಸ್ತಕ ಓದಿ ಕಲಿತವರು ಇಲ್ಲವೆಂದೇ ಹೇಳಬಹುದು. ಮಾವನ ಬೆನ್ನ ಹಿಂದೆ ಕೂತು ಎಲೆ ನೋಡಿ, ಒಂದು ದಿನ ಜನ ಕಡಿಮೆ ಬಿದ್ದಾಗ ಕರೆಸಿಕೊಂಡು, "ಎಂತಾ ಎಲೆ ಇಳಿಸಿದ್ಯೋ ಮಾರಾಯಾ" ಎಂದು ಬೈಸಿಕೊಂಡು ಕಲಿಯುವ ವಿದ್ಯೆ ಇದು.

ಈ ವಿದ್ಯೆಗೆ ಕಳೆದ ಎರಡು-ಮೂರು ದಶಕಗಳಲ್ಲಿ ಇನ್ನೊಬ್ಬ ಗುರು ಸಿಕ್ಕಿದ್ದಾನೆ. ಮೊದಲು ಕಂಪ್ಯೂಟರು, ಈಗ ಮೊಬೈಲು. ಇಸ್ಪೀಟು, ಲೂಡೊ, ಚದುರಂಗಗಳ ಸಾಲಿನಲ್ಲೇ ಡಾಮಿನೊ ಎಂಬ ಬಿಲ್ಲೆಯಾಟವೂ ಪರದೆಯ ಮೇಲೆ ಬಂದಿದೆ. ಯಂತ್ರ ನಿಯಮ ಹೇಳಿಕೊಡುತ್ತದೆ, ತಪ್ಪಿದರೆ ತಡೆಯುತ್ತದೆ, ಎದುರಾಳಿಯಾಗಿಯೂ ಕೂರುತ್ತದೆ. ಈ ಯಂತ್ರಗುರು ಎಲ್ಲಿಂದ ಎಲ್ಲಿಗೆ ಬಂದ, ಏನನ್ನು ಚೆನ್ನಾಗಿ ಕಲಿಸುತ್ತಾನೆ, ನಮ್ಮ ಮಂಡಲದ ಆಟದ ಹತ್ತಿರ ಬಂದಾಗ ಎಲ್ಲಿ ತಡವರಿಸುತ್ತಾನೆ ಎಂಬುದನ್ನು ನೋಡುವುದು ಈ ಬರಹದ ಉದ್ದೇಶ.

ಡಾಮಿನೊ ನಮ್ಮ ಸೀಮೆಯದಲ್ಲ. ಚೀನಾದಲ್ಲಿ ಹಳೆಯದಾದ ಈ ಆಟ ಯುರೋಪಿನಲ್ಲಿ ಕಾಣಿಸಿಕೊಂಡದ್ದು 18ನೇ ಶತಮಾನದಲ್ಲಿ, ಇಟಲಿ ಮತ್ತು ಫ್ರಾನ್ಸಿನಲ್ಲಿ. ಬಿಲ್ಲೆಯ ಎರಡು ಅರ್ಧಗಳಲ್ಲಿ ಖಾಲಿಯಿಂದ ಆರರವರೆಗೆ ಚುಕ್ಕೆಗಳು. ಒಟ್ಟು 28 ಬಿಲ್ಲೆ, 168 ಚುಕ್ಕೆ. ಸಾಲಿನ ತುದಿಯಲ್ಲಿರುವ ಅಂಕಿಗೆ ಹೊಂದುವ ಬಿಲ್ಲೆ ಜೋಡಿಸುತ್ತ ಹೋಗಬೇಕು, ಹೊಂದದಿದ್ದರೆ ಸರದಿ ಬಿಡಬೇಕು. ಕೈ ಮೊದಲು ಖಾಲಿಯಾದವನು ಗೆದ್ದ. ನಾಲ್ವರು ಎರಡು ಜೋಡಿಯಾಗಿ ತಲಾ ಏಳು ಬಿಲ್ಲೆ ಹಿಡಿದು ಆಡುವ ಬಗೆಯೇ ಇದರಲ್ಲಿ ಅತ್ಯಂತ ಆಳವಾದದ್ದು.

ಜೋಡಿಯಾಗಿ ಕೂತ ಮೇಲೆ ಡಾಮಿನೊಗೂ ಇಪ್ಪತ್ತೆಂಟಕ್ಕೂ ದೂರ ಕಡಿಮೆ. ನಮ್ಮ ಆಟದಲ್ಲಿ ಏಳರಿಂದ ಎಕ್ಕದವರೆಗಿನ 32 ಎಲೆ, ಒಬ್ಬೊಬ್ಬನಿಗೆ ಎಂಟು. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ನಾಲ್ಕು ಬಣ್ಣ ಸೇರಿ 28. ರಾಜ-ರಾಣಿಯರನ್ನು ಕೆಳಗಿಟ್ಟು ಗುಲಾಮನನ್ನು ಮೇಲೇರಿಸುವ ಈ ಕ್ರಮ, ತುರುಪಿನ ಬಣ್ಣದ ಮಟ್ಟಿಗೆ, ಡಚ್ಚರ ಕ್ಲಾವರ್‌ಯಾಸ್ ಮುಂತಾದ ಯಾಸ್ ಆಟಗಳಲ್ಲಿದೆ. ಸಮುದ್ರದ ಮೇಲೆ ಬಂದ ವ್ಯಾಪಾರಿಗಳಿಂದ ಇದು ನಮ್ಮ ಕರಾವಳಿಗೆ ಇಳಿದಿರಬೇಕೆಂದು ಇಸ್ಪೀಟಿನ ಇತಿಹಾಸ ಬರೆದವರು ಊಹಿಸುತ್ತಾರೆ. ಎರಡೂ ಆಟಗಳ ನಡುವೆ ಸೇತುವೆಯಂತಹ ಮೂರನೆಯದೊಂದು ಅಮೆರಿಕದ ಟೆಕ್ಸಾಸಿನಲ್ಲಿದೆ. ಅದರ ಹೆಸರು ಫಾರ್ಟಿಟೂ, ಅಂದರೆ ನಲವತ್ತೆರಡು. ಇಸ್ಪೀಟು ಮುಟ್ಟುವುದು ಪಾಪವೆಂದು ಮನೆಯವರು ಬೈದಾಗ ಇಬ್ಬರು ಹುಡುಗರು ಡಾಮಿನೊ ಬಿಲ್ಲೆಗಳಿಂದಲೇ ತುರುಪಿನ ಆಟ ಕಟ್ಟಿದರು, ಅದು 1887ರ ಸುಮಾರಿಗೆ ಎಂದು ಅಲ್ಲಿಯವರು ಹೇಳುತ್ತಾರೆ. ಇಸ್ಪೀಟು ಹಿಡಿದದ್ದಕ್ಕೆ ಬೈಸಿಕೊಂಡ ಮಕ್ಕಳು ಮಲೆನಾಡಿನ ಮನೆಗಳಲ್ಲೂ ಕಡಿಮೆಯಿಲ್ಲ. ಈ ಕಥೆ ಕೇಳಿದಾಗ ಆ ಇಬ್ಬರು ಹುಡುಗರ ಮೇಲೆ ನನಗೆ ಪ್ರೀತಿಯೇ ಹುಟ್ಟಿತು.

ಮೂರೂ ಆಟಗಳ ಜೀವ ಇರುವುದು ಕಾಣದ ಕೈಯಲ್ಲಿ. ಚದುರಂಗದಲ್ಲಿ ಎಲ್ಲವೂ ಮಣೆಯ ಮೇಲಿದೆ. ಇಲ್ಲಿ ಹಾಗಲ್ಲ. ಜೋಡಿ ಡಾಮಿನೊದಲ್ಲಿ ನನ್ನ ಏಳು ಬಿಲ್ಲೆ ನೋಡಿಕೊಂಡ ಮೇಲೂ ಉಳಿದ 21 ಬಿಲ್ಲೆಗಳು ಮೂವರಲ್ಲಿ ಹಂಚಿಕೆಯಾಗಿರಬಹುದಾದ ಬಗೆಗಳು 39,90,72,960. ಇಪ್ಪತ್ತೆಂಟರಲ್ಲಿ ಇದೇ ಲೆಕ್ಕ 946 ಕೋಟಿ ದಾಟುತ್ತದೆ. ಆಡುವ ಪ್ರತಿ ಎಲೆಯೂ, ಬಿಟ್ಟ ಪ್ರತಿ ಸರದಿಯೂ ಈ ರಾಶಿಯನ್ನು ಕಡಿಯುತ್ತ ಹೋಗುತ್ತದೆ. ಆ ಕಡಿತವನ್ನು ಮನಸ್ಸಿನಲ್ಲೇ ಮಾಡುವುದನ್ನು ನಾವು ಆಟದ ಬುದ್ಧಿ ಎನ್ನುತ್ತೇವೆ.

ಯಂತ್ರಗಳು ಮೊದಲು ಕೈ ಹಾಕಿದ್ದು ಎಲ್ಲವೂ ಕಾಣುವ ಆಟಗಳಿಗೆ. ಜಾನ್ ಫಾನ್ ನಾಯ್ಮನ್ 1928ರಲ್ಲಿ ಇಬ್ಬರ ಆಟದ ಗಣಿತಕ್ಕೆ ಅಡಿಪಾಯ ಹಾಕಿದರು. ಕ್ಲಾಡ್ ಶಾನನ್ 1950ರಲ್ಲಿ ಚದುರಂಗ ಆಡುವ ಯಂತ್ರದ ಯೋಜನೆ ಬರೆದರು. ಐಬಿಎಮ್‌ನ ಆರ್ಥರ್ ಸ್ಯಾಮ್ಯುಯೆಲ್ ಚೆಕರ್ಸ್ ಆಡುತ್ತ ಆಡುತ್ತಲೇ ಸುಧಾರಿಸುವ ಪ್ರೋಗ್ರಾಂ ಮಾಡಿ 1959ರಲ್ಲಿ ಅದರ ವರದಿ ಕೊಟ್ಟರು. ಈಗ ಎಲ್ಲರ ಬಾಯಲ್ಲಿರುವ 'ಮಷಿನ್ ಲರ್ನಿಂಗ್' ಎಂಬ ಮಾತು ಅಲ್ಲಿಂದ ಹಬ್ಬಿತು. 1992ರಲ್ಲಿ ಜೆರಾಲ್ಡ್ ಟೆಸಾರೊ ಅವರ ಟಿಡಿ-ಗ್ಯಾಮನ್ ತನ್ನೊಡನೆ ತಾನೇ ಆಡಿಕೊಂಡು ಬ್ಯಾಕ್‌ಗ್ಯಾಮನ್ ಕಲಿತಿತು. ದಾಳ ಇದ್ದರೂ ಆ ಆಟದಲ್ಲಿ, ನಮ್ಮ ಪಗಡೆಯ ಹಾಗೆ, ಕಾಯಿಗಳೆಲ್ಲ ಬಯಲಲ್ಲೇ ಇರುತ್ತವೆ. 1997ರಲ್ಲಿ ಡೀಪ್ ಬ್ಲೂ ಕಂಪ್ಯೂಟರು ಚದುರಂಗದ ವಿಶ್ವ ಚಾಂಪಿಯನ್ ಕಾಸ್ಪರೋವ್‌ರನ್ನು ಸೋಲಿಸಿತು. 2007ರಲ್ಲಿ ಜೊನಾಥನ್ ಶೆಫರ್ ತಂಡ, ಇಬ್ಬರೂ ತಪ್ಪಿಲ್ಲದೆ ಆಡಿದರೆ ಚೆಕರ್ಸ್ ಸಮವಾಗುತ್ತದೆ ಎಂದು ತೋರಿಸಿ ಆ ಆಟದ ಲೆಕ್ಕವನ್ನೇ ಮುಗಿಸಿತು.

ಈ ದೊಡ್ಡ ಸುದ್ದಿಗಳ ನಡುವೆ ಒಂದು ಚಿಕ್ಕ ಪ್ರಬಂಧ ಮರೆಯಾಗಿದೆ. 1973ರಲ್ಲಿ 'ಕಮ್ಯುನಿಕೇಷನ್ಸ್ ಆಫ್ ದಿ ಎಸಿಎಮ್' ಪತ್ರಿಕೆಯಲ್ಲಿ ಮೈಕೆಲ್ ಸ್ಮಿತ್ ಪ್ರಕಟಿಸಿದ ಅದರ ವಿಷಯ, ಜೋಡಿ ಡಾಮಿನೊ ಆಡುತ್ತ ಕಲಿಯುವ ಪ್ರೋಗ್ರಾಂ. ಕಾಣದ ಕೈ ಮತ್ತು ಜೊತೆಗಾರ, ಎರಡನ್ನೂ ಒಟ್ಟಿಗೆ ಎತ್ತಿಕೊಂಡ ಆ ಧೈರ್ಯವನ್ನು ನಾನು ಬಹಳ ಮೆಚ್ಚುತ್ತೇನೆ. ಆ ಕಾಲದ ಕಂಪ್ಯೂಟರಿಗೆ ಅದು ಭಾರವಾದ ಹೊರೆ.

ಡಾಮಿನೊ ಕಲಿಸುವಾಗ ಯಂತ್ರ ಮೊದಲು ಒತ್ತಿ ಹೇಳುವುದು ಎಣಿಕೆಯನ್ನು. ಒಂದೊಂದು ಅಂಕಿಯೂ ಏಳೇ ಬಿಲ್ಲೆಗಳ ಮೇಲಿರುತ್ತದೆ. ಮೂರರ ಬಿಲ್ಲೆ ಐದು ಇಳಿದಿವೆ, ಉಳಿದೆರಡು, ಅಂದರೆ ಮೂರು-ನಾಲ್ಕು ಮತ್ತು ಮೂರು-ಮೂರು, ನನ್ನ ಕೈಯಲ್ಲಿವೆ ಎನ್ನಿ. ಸಾಲಿನ ಒಂದು ತುದಿ ಮೂರು, ಇನ್ನೊಂದು ನಾಲ್ಕು. ನಾಲ್ಕರ ತುದಿಗೆ ಮೂರು-ನಾಲ್ಕನ್ನು ಜೋಡಿಸಿದರೆ ಎರಡೂ ತುದಿ ಮೂರಾಗುತ್ತದೆ. ಉಳಿದ ಮೂವರೂ ಸರದಿ ಬಿಡಲೇಬೇಕು. ಮತ್ತೆ ನನ್ನದೇ ಆಟ: ಮೂರು-ಮೂರು ಇಳಿಸಿದರೆ ಸಾಲು ಪೂರ್ತಿ ಕಟ್ಟಿಹೋಗುತ್ತದೆ, ಇನ್ನು ಯಾರೂ ಆಡುವಂತಿಲ್ಲ. ಆಗ ಕೈಯಲ್ಲುಳಿದ ಚುಕ್ಕೆ ಎಣಿಸುತ್ತಾರೆ, ಕಡಿಮೆ ಇದ್ದವರು ಗೆದ್ದಂತೆ. ಹಾಗಾಗಿ ಕಟ್ಟುವ ಶಕ್ತಿ ಇದೆಯೆಂದು ಕಟ್ಟಿಬಿಡುವುದು ಜಾಣತನವಲ್ಲ. ಆರು-ಆರು, ಐದು-ಆರು ಇನ್ನೂ ಕೈಯಲ್ಲೇ ಕೂತಿದ್ದರೆ ನಾವೇ ಬಲೆಗೆ ಬೀಳುತ್ತೇವೆ. ಆರು-ಆರರಂತಹ ದೊಡ್ಡ ಜೋಡಿ ಬಿಲ್ಲೆಗಳನ್ನು ಬೇಗ ಇಳಿಸಿಬಿಡು ಎಂಬ ಹಳೆಯ ಬುದ್ಧಿಮಾತಿಗೆ ಕಾರಣ ಇಲ್ಲಿದೆ. ಇದನ್ನು ಪರದೆಯ ಮೇಲೆ ಹತ್ತಾರು ಸಲ ಆಡಿ, ಒಂದು ನಡೆ ಹಿಂದಕ್ಕೆ ತೆಗೆದು ಮತ್ತೆ ಆಡಿ ನೋಡಿದ ಹುಡುಗಿಗೆ ವಾರದಲ್ಲಿ ಎಣಿಕೆ ಕೈಗೂಡುತ್ತದೆ. ಮಂಡಲದಲ್ಲಿ ನಡೆ ಹಿಂದೆ ತೆಗೆಯಲು ಯಾರೂ ಬಿಡುವುದಿಲ್ಲ. ಕಲಿಕೆಯ ಈ ಭಾಗದಲ್ಲಿ ಯಂತ್ರವೇ ಒಳ್ಳೆಯ ಗುರು ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಕಾಣದ ಕೈಯನ್ನು ಯಂತ್ರ ಊಹಿಸುವ ದಾರಿ ಗಟ್ಟಿಯಾದದ್ದು 1990ರ ದಶಕದ ಕೊನೆಯಲ್ಲಿ, ಬ್ರಿಜ್ ಎಂಬ ಜೋಡಿ ಇಸ್ಪೀಟಾಟದ ಮೂಲಕ. ಮ್ಯಾಥ್ಯೂ ಗಿನ್ಸ್‌ಬರ್ಗ್ ಅವರ ಜಿಐಬಿ ಪ್ರೋಗ್ರಾಂ 1998ರಲ್ಲಿ ಕಂಪ್ಯೂಟರ್ ಬ್ರಿಜ್‌ನ ವಿಶ್ವ ಸ್ಪರ್ಧೆ ಗೆದ್ದಿತು. ಈವರೆಗೆ ಬಿದ್ದ ಎಲೆಗಳಿಗೆ ಹೊಂದುವ ಹಾಗೆ ಉಳಿದ ಎಲೆಗಳನ್ನು ಕಲ್ಪನೆಯಲ್ಲೇ ಹಂಚುವುದು, ಆ ಹಂಚಿಕೆಯಲ್ಲಿ ಎಲ್ಲರ ಕೈ ಕಾಣುತ್ತಿದೆ ಎಂದುಕೊಂಡು ಕೊನೆಯವರೆಗೆ ಆಡಿ ನೋಡುವುದು, ಮತ್ತೆ ಬೇರೆ ಹಂಚಿಕೆ, ಮತ್ತೆ ಆಟ, ಕೊನೆಗೆ ಸರಾಸರಿಯಲ್ಲಿ ಯಾವ ಎಲೆ ಒಳ್ಳೆಯದೋ ಅದನ್ನು ಇಳಿಸುವುದು ಅದರ ಕ್ರಮ. ಮೊಬೈಲಿನ ಇಸ್ಪೀಟು, ಡಾಮಿನೊ ಆಟಗಳಲ್ಲಿ ಎದುರಾಳಿಯನ್ನು ಕಟ್ಟಲು ಇವತ್ತಿಗೂ ಇದು ಸುಲಭದ ದಾರಿ.

ಆದರೆ ಇದರಲ್ಲೊಂದು ಕುರುಡಿದೆ. ಪ್ರತಿ ಕಲ್ಪನೆಯಲ್ಲೂ ಎಲ್ಲರ ಕೈ ತೆರೆದಿರುವುದರಿಂದ, ಮುಚ್ಚಿಟ್ಟು ಗೆಲ್ಲುವುದರ ಬೆಲೆ ಅದಕ್ಕೆ ಗೊತ್ತಾಗುವುದಿಲ್ಲ. ಇಪ್ಪತ್ತೆಂಟರಲ್ಲಿ ಮೊದಲ ನಾಲ್ಕು ಎಲೆ ನೋಡಿ, ಇಷ್ಟು ಅಂಕ ಗಳಿಸುತ್ತೇನೆಂದು ಎಲ್ಲರಿಗಿಂತ ಹೆಚ್ಚು ಕೂಗಿದವನು ತುರುಪಿನ ಎಲೆಯನ್ನು ಕವುಚಿ ಇಡುತ್ತಾನೆ. ಆಮೇಲೆ ಉಳಿದ ನಾಲ್ಕು ಹಂಚುತ್ತಾರೆ. ಆಡಿದ ಬಣ್ಣ ಕೈಯಲ್ಲಿಲ್ಲದವನು ಕೇಳಿದಾಗಲೇ ತುರುಪು ಬಯಲಾಗುವುದು. ಆಟೀನು ಆಡಿದಾಗ, ಅದು ಕೈಯಲ್ಲಿ ಇಲ್ಲದಿದ್ದರೂ ಒಬ್ಬ ತುರುಪು ಕೇಳದೆ ಬೆಲೆಯಿಲ್ಲದ ಎಲೆ ಎಸೆದ ಎಂದುಕೊಳ್ಳಿ. ಅವನ ಜೊತೆಗಾರನೇ ಗೆಲ್ಲುತ್ತಿದ್ದಾನೋ, ಇನ್ನೂ ಒಂದು ಸುತ್ತು ಗುಟ್ಟು ಉಳಿಯಲೆಂದೋ, ಕೇಳಿದರೆ ತನಗೇ ಹಾನಿಯೋ? ಹಳೆಯ ಆಟಗಾರರು ಆ ಒಂದು ಎಲೆಯಿಂದ ಅರ್ಧ ಮಂಡಲದ ಕೈ ಓದಿಬಿಡುತ್ತಾರೆ. ಹೀಗೆ ಮೌನದಿಂದ ಅರ್ಥ ಹೊರಡಿಸುವುದು ಮೊದಲ ತಲೆಮಾರಿನ ಯಂತ್ರಗಳ ಕೈಗೆ ಹತ್ತಲಿಲ್ಲ.

ಮುಂದಿನ ಹೆಜ್ಜೆ ಪೋಕರಿನಿಂದ ಬಂತು. 2007ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ತಂಡ, ಆಡಿದ ಪ್ರತಿ ನಡೆಗೂ 'ಬೇರೆಯದನ್ನು ಆಡಿದ್ದರೆ ಎಷ್ಟು ಉಳಿಯುತ್ತಿತ್ತು' ಎಂಬ ಹಳಹಳಿಕೆಯನ್ನು ಲೆಕ್ಕವಾಗಿ ಕೂಡಿಟ್ಟು ತಿದ್ದಿಕೊಳ್ಳುವ ವಿಧಾನ ಕೊಟ್ಟಿತು. ಅದರ ಬಲದಿಂದ 2017ರಲ್ಲಿ ಲಿಬ್ರಾಟಸ್ ಎಂಬ ಪ್ರೋಗ್ರಾಂ, 2019ರಲ್ಲಿ ಆರು ಜನರ ಪಂದ್ಯದಲ್ಲಿ ಪ್ಲುರಿಬಸ್ ಎಂಬುದು, ಪೋಕರಿನ ವೃತ್ತಿಪರರನ್ನು ಸೋಲಿಸಿದವು. ಸುಳ್ಳು ಧೈರ್ಯ ತೋರಿಸುವುದನ್ನು, ಒಳ್ಳೆಯ ಎಲೆ ಹಿಡಿದೂ ಸುಮ್ಮನಿರುವುದನ್ನು ಯಂತ್ರ ಯಾರಿಂದಲೂ ಹೇಳಿಸಿಕೊಳ್ಳದೆ ಕಲಿಯಿತು. ಅಲ್ಲಿ ಪ್ರತಿಯೊಬ್ಬನೂ ತನಗೆ ತಾನೇ. ಜೊತೆಗಾರ ಬಂದೊಡನೆ ಲೆಕ್ಕ ಮತ್ತೆ ಕಷ್ಟ. 2022ರಲ್ಲಿ ಪ್ಯಾರಿಸಿನಲ್ಲಿ ನೂಕ್ ಎಂಬ ಪ್ರೋಗ್ರಾಂ ಬ್ರಿಜ್‌ನ ವಿಶ್ವ ಚಾಂಪಿಯನ್ನರನ್ನು ಮೀರಿಸಿತು ನಿಜ, ಆದರೆ ಆ ಸ್ಪರ್ಧೆಯಲ್ಲಿ ಕೂಗುವ ಭಾಗವನ್ನೇ ಬಿಟ್ಟಿದ್ದರು. ಇಪ್ಪತ್ತೆಂಟು ಬಲ್ಲವರಿಗೆ ಗೊತ್ತು, ಜೊತೆಗಾರರ ನಡುವಿನ ಮಾತುಕತೆ ಶುರುವಾಗುವುದೇ ಕೂಗಿನಲ್ಲಿ. ಅಪರಿಚಿತ ಜೊತೆಗಾರನ ಇಂಗಿತ ಹಿಡಿಯುವುದು ಇನ್ನೂ ಬಗೆಹರಿಯದ ಸಮಸ್ಯೆ ಎಂದೇ 2019ರಲ್ಲಿ ಸಂಶೋಧಕರು ಹನಾಬಿ ಎಂಬ ಇಸ್ಪೀಟಾಟವನ್ನು ಸವಾಲಾಗಿ ಮುಂದಿಟ್ಟರು.

ಇದೆಲ್ಲ ನಡೆಯುತ್ತಿದ್ದಾಗ ನಮ್ಮ ಮೂರು ತಾಲೂಕುಗಳಿಗೆ ಕಂಪ್ಯೂಟರು ಬಂದದ್ದು ಅಡಿಕೆ ವ್ಯವಹಾರದ ಸೊಸೈಟಿಗಳ ಲೆಕ್ಕಕ್ಕೆ, ಪೇಟೆಯ ಟೈಪಿಂಗ್ ಕ್ಲಾಸಿಗೆ, ಆಮೇಲೆ ಶಾಲೆಗೆ. ರಾಜ್ಯ ಸರ್ಕಾರದ ಮಾಹಿತಿ ಸಿಂಧು ಯೋಜನೆ ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರು ಕೊಟ್ಟದ್ದು ಈ ಶತಮಾನದ ಆರಂಭದಲ್ಲಿ. ವಿಂಡೋಸ್‌ನೊಳಗೆ 1990ರಿಂದಲೇ ಸಾಲಿಟೇರ್ ಇತ್ತು, ಸ್ವಲ್ಪ ಕಾಲದಲ್ಲೇ ಹಾರ್ಟ್ಸ್ ಬಂತು. ಮೌಸ್ ಹಿಡಿದು ಎಳೆದು ಬಿಡುವ ಅಭ್ಯಾಸ ಎಷ್ಟೋ ಜನರಿಗೆ ಆದದ್ದು ಸಾಲಿಟೇರಿನ ಎಲೆಗಳಿಂದ. ಮನೆಯ ಮಕ್ಕಳು ಬೆಂಗಳೂರು ಸೇರಿ, ಊರಮನೆಯಲ್ಲಿ ನಾಲ್ಕು ಕೈ ಕೂಡುವುದೇ ಕಷ್ಟವಾದಾಗ ಪರದೆಯ ಎದುರಾಳಿ ನಿಜವಾದ ಅಗತ್ಯವಾದ. 2020ರ ಲಾಕ್‌ಡೌನಿನಲ್ಲಿ ಅಪ್ಪ-ಅಮ್ಮ ಊರಿನಲ್ಲಿ, ಮಕ್ಕಳು ಬಾಡಿಗೆ ಮನೆಯಲ್ಲಿ, ನಡುವೆ ಮೊಬೈಲಿನ ಲೂಡೊ ಅಥವಾ ಇಸ್ಪೀಟು. ಗುಡ್ಡದ ಮರೆಯ ಮನೆಗಳಲ್ಲಿ ನೆಟ್‌ವರ್ಕ್ ಹೋದಾಗ ಆಟವೂ ನಿಂತಿತು.

ದುಡ್ಡಿನ ಆಟ ಬೇರೆಯ ಕಥೆ, ಅದನ್ನು ಬೇಗ ದಾಟುತ್ತೇನೆ. ಆನ್‌ಲೈನ್ ಪಣದಾಟದ ಮೇಲೆ ಕರ್ನಾಟಕ 2021ರಲ್ಲಿ ತಂದ ನಿಷೇಧವನ್ನು 2022ರಲ್ಲಿ ಹೈಕೋರ್ಟು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಕೇಂದ್ರದ ಕಾನೂನು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸಿತು. ಪಣವಿಲ್ಲದೆ ಕಲಿಯುವವನಿಗೆ ಇದರಿಂದ ತೊಂದರೆಯಿಲ್ಲ, ಎಷ್ಟೋ ಮನೆಗಳಿಗೆ ನೆಮ್ಮದಿಯೇ ಆಗಿದೆ.

ನನ್ನ ನಿಜವಾದ ಕಳವಳ ಬೇರೆ. ಯಂತ್ರ ಕಲಿಸುವುದು ಬರೆದಿಟ್ಟ ನಿಯಮವನ್ನು ಮಾತ್ರ. ಹನ್ನೆರಡು ಗುಳಿ, 48 ಬೀಜದ ಆಫ್ರಿಕದ ಅವಾರಿ ಆಟಕ್ಕೆ ಬರೆದ ನಿಯಮವಿತ್ತು. 2002ರಲ್ಲಿ ಆಮ್‌ಸ್ಟರ್‌ಡ್ಯಾಮಿನ ರೊಮೈನ್ ಮತ್ತು ಬಾಲ್ ಅದರ 88,906 ಕೋಟಿ ಸ್ಥಿತಿಗಳನ್ನೂ ಲೆಕ್ಕ ಹಾಕಿ, ಸರಿಯಾಗಿ ಆಡಿದರೆ ಸಮ ಎಂದು ತೀರ್ಮಾನಿಸಿದರು. ಅದೇ ಕುಲದ ನಮ್ಮ ಅಳಗುಳಿಮಣೆಗೆ ಹದಿನಾಲ್ಕು ಗುಳಿ, ಮನೆಗೊಂದು ಕ್ರಮ. ಆಟ ಬರೆದಿಡುವುದು ನಮ್ಮಲ್ಲಿ ಹೊಸದಲ್ಲ: ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 19ನೇ ಶತಮಾನದಲ್ಲೇ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗದಲ್ಲಿ ಆಟಗಳನ್ನು ಬರೆಯಿಸಿಟ್ಟರು. ನೆದರ್‌ಲ್ಯಾಂಡ್ಸಿನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದಲ್ಲಿ 2018ರಲ್ಲಿ ಶುರುವಾದ ಯೋಜನೆಯೊಂದು ಲೂಡೀ ಎಂಬ ತಂತ್ರಾಂಶದಲ್ಲಿ ಜಗತ್ತಿನ ಸಾವಿರಕ್ಕೂ ಹೆಚ್ಚು ಆಟಗಳ ನಿಯಮ ಸೇರಿಸಿತು. ನಿಯಮ ಬರೆದು ಕೊಟ್ಟರೆ ಅದು ತಾನೇ ಆಡಿ ತೋರಿಸುತ್ತದೆ. ಮಲೆನಾಡಿನ ಇಪ್ಪತ್ತೆಂಟನ್ನು ಹೀಗೆ ಬರೆದಿಡಬೇಕಾದವರು ನಾವೇ, ಮಂಡಲದ ಹಿರಿಯರು ಜಗಲಿಯಲ್ಲಿ ಕೂರುವಷ್ಟು ಗಟ್ಟಿಯಿರುವಾಗಲೇ.

ಬರೆಯಲು ಕೂತರೆ ಎದುರಾಗುವ ಪ್ರಶ್ನೆಗಳು ಚಿಕ್ಕವು, ಆದರೆ ಒಂದೊಂದೂ ಆಟವನ್ನೇ ಬದಲಿಸುತ್ತದೆ. ಮೊದಲ ನಾಲ್ಕು ಎಲೆಯಲ್ಲಿ ಒಂದೂ ಬೆಲೆಯ ಎಲೆ ಬರದಿದ್ದರೆ ಮತ್ತೆ ಹಂಚಬೇಕೇ? ತುರುಪಿನ ರಾಜ-ರಾಣಿ ಒಂದೇ ಕೈಯಲ್ಲಿದ್ದರೆ ಕೂಗನ್ನು ನಾಲ್ಕು ಇಳಿಸುತ್ತಾರೋ ಇಲ್ಲವೋ? ಜೊತೆಗಾರ ಕೂಗಿದ ಮೇಲೆ ಅದರ ಮೇಲೆ ಕೂಗಲು ಎಷ್ಟರಿಂದ ಶುರು? ತುರುಪು ಕೇಳಿದವನ ಕೈಯಲ್ಲಿ ತುರುಪಿನ ಬಣ್ಣವಿದ್ದರೆ ಅದನ್ನೇ ಹಾಕಬೇಕೋ, ಬೇರೆ ಎಲೆಯೂ ನಡೆಯುತ್ತದೋ? ಕೊನೆಯ ಪ್ರಶ್ನೆಗೆ 'ಹಾಕಲೇಬೇಕು' ಎಂದು ಬರೆದರೆ ತುರುಪು ಕೇಳುವವನು ಎರಡು ಸಲ ಯೋಚಿಸುತ್ತಾನೆ. 'ಬೇಕಾಗಿಲ್ಲ' ಎಂದು ಬರೆದರೆ ಸುಮ್ಮನೆ ಗುಟ್ಟು ಒಡೆಯಲೆಂದೇ ಕೇಳುವವರು ಹೆಚ್ಚುತ್ತಾರೆ, ಕೂಗಿದವನು ಮೊದಲ ಎರಡು ಸುತ್ತಿನಲ್ಲಿ ಇಳಿಸುವ ಎಲೆಯೇ ಬದಲಾಗುತ್ತದೆ.