ನರೆಗೆ ಎಣ್ಣೆಯೋ ಬಣ್ಣವೋ: ತ್ರಿಮರ್ಮೀಯ ಅಧ್ಯಾಯದ ಒಂದು ಲೇಪವನ್ನು ಕುರಿತು

ದಿನವೂ ನೆತ್ತಿಗೆ ಎಣ್ಣೆ ಹಚ್ಚುವವನಿಗೆ ತಲೆನೋವು ಬಾರದು, ತಲೆ ಬೋಳಾಗದು, ನರೆ ಮೂಡದು, ಕೂದಲು ಉದುರದೆ ಕಪ್ಪಾಗಿ, ಉದ್ದವಾಗಿ, ಬುಡ ಗಟ್ಟಿಯಾಗಿ ಬೆಳೆಯುವುದು ಎಂಬ ಆಶಯದ ಮಾತು ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿದೆ. ಕೇಶತೈಲಗಳ ಬಗ್ಗೆ ಬರೆಯುವವರು ಬಹುಮಟ್ಟಿಗೆ ಈ ಮಾತಿನಿಂದಲೇ ಹೊರಡುತ್ತಾರೆ. ಅಲ್ಲಿಂದ ಚಿಕಿತ್ಸಾಸ್ಥಾನದ ಇಪ್ಪತ್ತಾರನೆಯ ಅಧ್ಯಾಯಕ್ಕೆ, ಅಂದರೆ ತ್ರಿಮರ್ಮೀಯಕ್ಕೆ ಬಂದು, ಅಲ್ಲಿ ನರೆಗೆ ಹೇಳಿರುವ ಯೋಗಗಳೆಲ್ಲ ಅದೇ ಮಾತಿನ ವಿಸ್ತರಣೆ ಎಂದು ಓದುತ್ತಾರೆ. ಈ ಓದಿನಿಂದ ಹೊರಡುವ ತೀರ್ಮಾನ ಒಂದೇ: ಪ್ರಾಚೀನರ ಮತದಲ್ಲಿ ನರೆಗೆ ಮದ್ದು ನೆತ್ತಿಯ ಎಣ್ಣೆ, ಅದು ಬೇರಿಗಿಳಿದು ಕಳೆದ ಬಣ್ಣವನ್ನು ಮರಳಿ ತರುತ್ತದೆ. ಇದು ಪಠ್ಯಕ್ಕೆ ನಿಷ್ಠವಾದ ಓದಲ್ಲ ಎಂಬುದು ನನ್ನ ವಾದ. ತ್ರಿಮರ್ಮೀಯದಲ್ಲೇ ಇರುವ, ಹೆಚ್ಚು ಚರ್ಚೆಗೆ ಬಾರದ ಒಂದು ಲೇಪ ಈ ವಾದಕ್ಕೆ ಆಧಾರ.

ಅದಕ್ಕೆ ಮೊದಲು, ತಕರಾರಿಲ್ಲದ ಸಂಗತಿಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮನುಷ್ಯನ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿರುತ್ತವೆ. ಪ್ರತಿಯೊಂದೂ 2ರಿಂದ 6 ವರ್ಷ ಬೆಳೆದು, ಸುಮಾರು ಮೂರು ತಿಂಗಳು ಸುಮ್ಮನಿದ್ದು ಉದುರುತ್ತದೆ. ಅದೇ ಕೂಪದಿಂದ, ಅಂದರೆ ಕೂದಲು ಬೇರೂರಿದ ಚರ್ಮದ ಗುಳಿಯಿಂದ, ಹೊಸದು ಹುಟ್ಟುತ್ತದೆ. ವಯಸ್ಸಾದಂತೆ ಬೆಳೆಯುವ ಅವಧಿ ಮೊಟಕಾಗುತ್ತದೆ, ಎಳೆ ಸಣ್ಣದಾಗುತ್ತದೆ. ಗಂಡಸರ ಬೋಳುತನದಲ್ಲಿ ಡೈಹೈಡ್ರೋಟೆಸ್ಟೊಸ್ಟೆರೋನ್ ಹಾರ್ಮೋನಿನ ಪಾತ್ರ ಸ್ಥಿರಪಟ್ಟಿದೆ. ಮುಪ್ಪಿನಿಂದಲೇ ಆಗುವ ತೆಳುವಾಗುವಿಕೆ ಇದರಿಂದ ಬೇರೆಯದೆಂದು ಕ್ಲಿಗ್‌ಮನ್ 1988ರಲ್ಲಿ ಹೇಳಿದರು. ಅದು ನಿಜಕ್ಕೂ ಪ್ರತ್ಯೇಕ ಸ್ಥಿತಿಯೇ ಎಂಬ ಚರ್ಚೆ ಮುಗಿದಿಲ್ಲ. ನರೆಯ ವಿಷಯದಲ್ಲಿ ನಿರ್ಣಾಯಕವಾದುದು 2005ರಲ್ಲಿ ನಿಶಿಮುರಾ, ಗ್ರಾಂಟರ್, ಫಿಶರ್ ಪ್ರಕಟಿಸಿದ ಅಧ್ಯಯನ: ಬಣ್ಣ ಕೊಡುವ ಜೀವಕೋಶಗಳನ್ನು ಹುಟ್ಟಿಸುವ ಕಾಂಡಕೋಶಗಳು ಕೂಪದೊಳಗೆ ಕ್ರಮೇಣ ಬರಿದಾಗುತ್ತವೆ. ಆ ಕೋಶಗಳು ತೀರಿಹೋಗುವುದಕ್ಕೆ ಮೊದಲೇ ಕೂಪದ ಒಂದು ಭಾಗದಲ್ಲಿ ಸಿಕ್ಕಿಕೊಂಡು ನಿಷ್ಕ್ರಿಯವಾಗುತ್ತವೆ ಎಂದು 2023ರಲ್ಲಿ ನ್ಯೂಯಾರ್ಕಿನ ಮಯುಮಿ ಇಟೊ ಅವರ ತಂಡ ಇಲಿಗಳಲ್ಲಿ ತೋರಿಸಿತು. ಎರಡರಲ್ಲಿ ಯಾವುದಾದರೂ ಇರಲಿ, ಕೆಡುವುದು ಚರ್ಮದೊಳಗಿನ ಕೋಶ. ಹೊರಗೆ ಕಾಣುವ ಎಳೆಯಲ್ಲಿ ಜೀವವಿಲ್ಲ. ಒಮ್ಮೆ ಬಿಳಿಯಾಗಿ ಹೊರಬಂದ ಭಾಗ ತಾನಾಗಿ ಕಪ್ಪಾಗದು.

ಈಗ ಪಠ್ಯಕ್ಕೆ ಬರೋಣ. ಸೂತ್ರಸ್ಥಾನದ ಐದನೆಯ ಅಧ್ಯಾಯ ಮಿತಾಹಾರದಿಂದ ಆರಂಭವಾಗಿ ಅಂಜನ, ಧೂಮಪಾನ, ಮೂಗಿಗೆ ಮದ್ದು ಬಿಡುವ ನಸ್ಯ, ಹಲ್ಲುಜ್ಜುವ ಕಡ್ಡಿ, ಬಾಯಿಮುಕ್ಕಳಿಕೆಗಳನ್ನು ದಾಟಿ ತಲೆಗೆ, ಕಿವಿಗೆ, ಮೈಗೆ, ಪಾದಕ್ಕೆ ಹಚ್ಚುವ ಎಣ್ಣೆಯ ಕಡೆಗೆ ಸಾಗುತ್ತದೆ. ಅದು ನೆಟ್ಟಗಿರುವವನ ದಿನಚರಿ. ಅಲ್ಲಿ ರೋಗಿಯಿಲ್ಲ. ನರೆ ಮೂಡದು ಎಂಬ ಮಾತು ಮೂಡಿಲ್ಲದವನಿಗೆ ಹೇಳಿದ್ದು. ಮೂಡಿದ ಮೇಲೆ ಏನು ಮಾಡಬೇಕೆಂಬ ಪ್ರಶ್ನೆಗೆ ಉತ್ತರ ತ್ರಿಮರ್ಮೀಯದಲ್ಲಿದೆ. ಚರಕಸಂಹಿತೆಯ ವ್ಯಾಖ್ಯಾನಕಾರ ಚಕ್ರಪಾಣಿದತ್ತನ ವಿವರಣೆಯಂತೆ ಆ ಅಧ್ಯಾಯ ಮುಂದೆ ದೃಢಬಲ ಪೂರ್ತಿಗೊಳಿಸಿದ ಭಾಗಕ್ಕೆ ಸೇರಿದ್ದು. ಎರಡು ಅಧ್ಯಾಯಗಳ ಉದ್ದೇಶವೂ ಬೇರೆ, ಈಗಿನ ರೂಪ ಕೊಟ್ಟ ಕೈಯೂ ಬೇರೆ. ಇವೆರಡನ್ನು ಒಂದೇ ವಾಕ್ಯವೆಂಬಂತೆ ಓದಲು ಗಟ್ಟಿ ಕಾರಣ ಬೇಕು. ಅಂಥದ್ದು ನನಗೆ ಕಾಣುವುದಿಲ್ಲ.

ತ್ರಿಮರ್ಮೀಯದಲ್ಲಿ ಬೋಳು, ನರೆ, ಸುಕ್ಕು, ಕೆಂಚಾದ ಕೂದಲು ಇವುಗಳಿಗೆ ಮೊದಲು ಶೋಧನ ಅಂದರೆ ದೇಹಶುದ್ಧಿ, ಆಮೇಲೆ ನಸ್ಯ, ತಲೆಗೂ ಮುಖಕ್ಕೂ ಎಣ್ಣೆ ಮತ್ತು ಲೇಪ ಎಂದಿದೆ. ಎಣ್ಣೆಯೊಂದನ್ನೇ ಹೇಳಿಲ್ಲ, ಅದಕ್ಕೆ ಮೊದಲ ಸ್ಥಾನವೂ ಇಲ್ಲ. ಈ ಯೋಗಗಳ ನಡುವೆ ನನ್ನ ಗಮನ ಸೆಳೆದ ಲೇಪ ಬರುತ್ತದೆ. ಅದರ ವಿಧಾನ ಹೀಗಿದೆ: ಕಬ್ಬಿಣದ ಪುಡಿಯನ್ನು ಅಕ್ಕಿಯೊಡನೆ ಸೈಂಧವ ಲವಣ, ಹುಳಿಬಂದ ಶುಕ್ತ, ಹುಳಿ ದ್ರವಗಳಲ್ಲಿ ಬೇಯಿಸಬೇಕು, ತೊಳೆದು ಶುದ್ಧವಾದ, ಎಣ್ಣೆಯ ಜಿಡ್ಡಿಲ್ಲದ ತಲೆಗೆ ಹಚ್ಚಿ ರಾತ್ರಿಯೆಲ್ಲ ಬಿಡಬೇಕು, ಬೆಳಿಗ್ಗೆ ತ್ರಿಫಲೆಯ ನೀರಿನಿಂದ ತೊಳೆಯಬೇಕು, ಕೂದಲು ಕಪ್ಪಾಗಿ ಮೆತ್ತಗಾಗುತ್ತದೆ.

ಇದರ ಪ್ರತಿ ಹೆಜ್ಜೆಯನ್ನೂ ನಿಧಾನವಾಗಿ ನೋಡಬೇಕು. ಹುಳಿಬಂದ ದ್ರವದಲ್ಲಿ ಅಸಿಟಿಕ್ ಆಮ್ಲವಿರುತ್ತದೆ. ಅದರಲ್ಲಿ ಬೆಂದ ಕಬ್ಬಿಣದ ಒಂದಂಶ ಕರಗಿ ಲವಣವಾಗುತ್ತದೆ. ಉಪ್ಪು ಕಬ್ಬಿಣದ ಸವೆತವನ್ನು ಚುರುಕುಗೊಳಿಸುತ್ತದೆ. ಅಕ್ಕಿ ಗಂಜಿಯಾಗಿ ಎಲ್ಲವನ್ನೂ ಕೂದಲಿಗೆ ಹಿಡಿದಿಡುತ್ತದೆ. ರಾತ್ರಿಯುದ್ದಕ್ಕೂ ಆ ಕಬ್ಬಿಣಕ್ಕೆ ಎಳೆಯೊಳಗೆ ಇಳಿದು ಕೆರಾಟಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳಲು ಸಮಯ ಸಿಗುತ್ತದೆ. ಬೆಳಿಗ್ಗೆ ಅದರ ಮೇಲೆ ಬೀಳುವುದು ತ್ರಿಫಲೆ, ಅಂದರೆ ಅಳಲೆ, ತಾರೆ, ನೆಲ್ಲಿ. ಮೂರೂ ಒಗರಿನ ಕಾಯಿಗಳು, ಟ್ಯಾನಿನ್‌ಗಳ ಭಂಡಾರ. ಟ್ಯಾನಿನ್ ಕಬ್ಬಿಣವನ್ನು ಮುಟ್ಟಿದರೆ ನೀಲಿಗಪ್ಪು ಬಣ್ಣ ಹುಟ್ಟುತ್ತದೆ. ಗಾಳಿ ತಾಗಿದಂತೆ ಗಾಢವಾಗುತ್ತದೆ. ಶ್ರೀಕಾಳಹಸ್ತಿ, ಮಚಲಿಪಟ್ಟಣಗಳ ಕಲಂಕಾರಿಯ ಕಪ್ಪುಗೆರೆ ಹುಟ್ಟುವುದೂ ಇದೇ ಕ್ರಿಯೆಯಿಂದ: ಬಟ್ಟೆಯನ್ನು ಮೊದಲು ಅಳಲೆಕಾಯಿ ಮತ್ತು ಹಾಲಿನಲ್ಲಿ ಅದ್ದಿ ಒಣಗಿಸಿ, ತುಕ್ಕುಹಿಡಿದ ಕಬ್ಬಿಣವನ್ನು ಬೆಲ್ಲದಲ್ಲಿ ಕೊಳೆಸಿದ ರಸದಿಂದ ಗೆರೆ ಎಳೆಯುತ್ತಾರೆ. ಅಲ್ಲಿ ಒಗರು ಮೊದಲು, ಕಬ್ಬಿಣ ಆಮೇಲೆ. ತ್ರಿಮರ್ಮೀಯದಲ್ಲಿ ಕ್ರಮ ತಿರುಗುಮುರುಗು. ತತ್ವ ಒಂದೇ. ಇದೇ ಅಧ್ಯಾಯ ಹುಳಿಯಲ್ಲಿ ಅರೆದ ಕಬ್ಬಿಣ ಮತ್ತು ತ್ರಿಫಲೆಯ ಜೋಡಿಯನ್ನು ಉತ್ತಮವಾದ ಬಣ್ಣವೆಂದೇ ಎಣಿಸುತ್ತದೆ.

ಇದು ಬಣ್ಣಗಾರನ ಕೆಲಸವೆನ್ನಲು ಎರಡು ಸಾಕ್ಷ್ಯಗಳಿವೆ. ಮೊದಲನೆಯದು ಕಾಲ. ಕೂಪದಲ್ಲಿ ಕಪ್ಪು ಮರಳಿ ಹುಟ್ಟಿದ್ದರೆ ಅದು ಬುಡದಿಂದ ಕಾಣಬೇಕಿತ್ತು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ ತಲೆಯೆಲ್ಲ ಕಪ್ಪಾಗಲು ತಿಂಗಳುಗಳು ಬೇಕಿದ್ದವು. ಇಲ್ಲಿ ಫಲ ಮರುದಿನ ಬೆಳಿಗ್ಗೆಯೇ. ರಾತ್ರಿಕಳೆದು ಬೆಳಗಾಗುವುದರಲ್ಲಿ ಕಪ್ಪಾಗುವ ಕೂದಲು ಬಣ್ಣ ಹಿಡಿದ ಕೂದಲೇ ಹೊರತು ಬೇರೆಯಾಗಿರಲಾರದು. ಎರಡನೆಯದು ಜಿಡ್ಡು ಇರಬಾರದೆಂಬ ಷರತ್ತು. ಎಣ್ಣೆಯೇ ಮದ್ದಾಗಿದ್ದರೆ ಈ ಷರತ್ತಿಗೆ ಅರ್ಥವಿಲ್ಲ. ಎಳೆಯ ಮೇಲಿನ ಎಣ್ಣೆ ನೀರಿನಲ್ಲಿ ಕರಗಿದ ಕಬ್ಬಿಣವನ್ನು ಒಳಗೆ ಬಿಡುವುದಿಲ್ಲ ಎಂದು ಅನುಭವದಿಂದ ಬಲ್ಲವರು ಮಾತ್ರ ಇದನ್ನು ಬರೆಯಬಲ್ಲರು. ನಮ್ಮ ಮನೆಗಳಲ್ಲಿ ಹೆಂಗಸರು ಇಂದಿಗೂ ಗೋರಂಟಿ ಪುಡಿಯನ್ನು ಟೀ ಡಿಕಾಕ್ಷನ್, ನೆಲ್ಲಿಪುಡಿ, ನಿಂಬೆರಸದೊಡನೆ ಕಬ್ಬಿಣದ ಬಾಣಲೆಯಲ್ಲೇ ರಾತ್ರಿ ನೆನೆಹಾಕುತ್ತಾರೆ. ಎಣ್ಣೆತಲೆಗೆ ಮೆಹಂದಿ ಹಿಡಿಯೋದಿಲ್ಲ ಎಂದು ಹಿಂದಿನ ದಿನವೇ ಸೀಗೆಕಾಯಿ ಹಾಕಿ ತಲೆ ತೊಳೆದುಕೊಳ್ಳುತ್ತಾರೆ. ಈ ಹೆಂಗಸರ ಅರಿವೂ ತ್ರಿಮರ್ಮೀಯದ ಅರಿವೂ ಒಂದೇ ರಸಾಯನಶಾಸ್ತ್ರದ್ದು. ಅದಕ್ಕೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ.

ಇಷ್ಟರಿಂದ ನಾನು ಹೊರಡಿಸುವ ಮಾತು ಇದು: ಮೂಡಿದ ನರೆಗೆ ಚರಕ ಪರಂಪರೆ ಹೇಳಿದ ಹೊರಮದ್ದುಗಳಲ್ಲಿ ಕೆಲವಾದರೂ ಕೇಶರಂಜನಗಳು, ಮುಪ್ಪಿನ ನರೆಯನ್ನು ನೆತ್ತಿಯ ಎಣ್ಣೆಯೊಂದೇ ಹಿಂದಿರುಗಿಸುತ್ತದೆಂಬ ಪ್ರತಿಜ್ಞೆ ಆ ಪರಂಪರೆಯದಲ್ಲ. ಈ ಮಾತಿನ ಮೇಲೆ ಎಷ್ಟು ಭಾರ ಹಾಕಬಹುದೆಂಬುದನ್ನೂ ಹೇಳಬೇಕು.

ಮೊದಲ ಆಕ್ಷೇಪ ಅದೇ ಅಧ್ಯಾಯದ ಮಹಾನೀಲ ತೈಲದಿಂದ ಬರುತ್ತದೆ. ಅದು ತಾರೆಕಾಯಿಯ ಎಣ್ಣೆಯಲ್ಲಿ ಸಿದ್ಧವಾಗುವ ತೈಲ. ಕುಡಿಯಲು, ನಸ್ಯಕ್ಕೆ, ತಲೆಗೆ ಹಚ್ಚಲು ಮೂರಕ್ಕೂ ವಿಹಿತ. ಹಾಗಾದರೆ ಎಣ್ಣೆಯೂ ನರೆಯ ಮದ್ದೇ ಆಯಿತಲ್ಲ ಎನ್ನಬಹುದು. ಆದರೆ ಅದರ ದ್ರವ್ಯಗಳನ್ನು ನೋಡಿದರೆ ತ್ರಿಫಲೆ, ಕಾಸೀಸ ಅಂದರೆ ಅನ್ನಭೇದಿ, ನೀಲಿ, ಗರುಗ ಎದುರಾಗುತ್ತವೆ. ಸಂಸ್ಕಾರಕ್ಕೆ ಕಬ್ಬಿಣದ ಪಾತ್ರೆ. ಒಗರು, ಕಬ್ಬಿಣ, ನೀಲಿ: ಮತ್ತೆ ಬಣ್ಣದ ಸಾಮಗ್ರಿಗಳೇ. ಈ ಸಾಮಗ್ರಿಗಳು ಎಣ್ಣೆಯ ಮಾಧ್ಯಮದಲ್ಲಿ ಎಳೆಗೆ ಎಷ್ಟು ಹಿಡಿಯಬಲ್ಲವು ಎಂಬುದು ಬೇರೆ ಪ್ರಶ್ನೆ. ಅದಕ್ಕಾಗಿಯೇ ಮೇಲೆ ‘ಕೆಲವಾದರೂ’ ಎಂದೆ. ಮಹಾನೀಲವನ್ನು ಶುದ್ಧ ರಂಜನವೆಂದು ಸಾಧಿಸಲು ಪಠ್ಯವೊಂದೇ ಸಾಲದು.

ಎರಡನೆಯ ಆಕ್ಷೇಪ ಇನ್ನೂ ತೂಕದ್ದು. ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ವಾಗ್ಭಟ ಹಾಲುಣ್ಣುತ್ತ, ಸಂಯಮದಿಂದ, ತಿಂಗಳ ಕಾಲ ಬೇವಿನೆಣ್ಣೆಯ ನಸ್ಯ ಮಾಡುವುದನ್ನು ನರೆಗೆ ಹೇಳುತ್ತಾನೆ. ಇದು ಬಣ್ಣವಲ್ಲ, ದೇಹದೊಳಗಿಂದಲೇ ನರೆಯನ್ನು ತಿರುಗಿಸುವ ಆಸೆ ಇಲ್ಲಿದೆ. ಮುಪ್ಪನ್ನು ತಡೆಯುವ ಮದ್ದುಗಳನ್ನು ಹೇಳುವ ರಸಾಯನ ಪ್ರಕರಣಗಳಂತೂ ಸುಕ್ಕು ನರೆಗಳನ್ನು ಕಳೆಯುವ ಮಾತನ್ನು ಧಾರಾಳವಾಗಿ ಆಡುತ್ತವೆ. ಆದ್ದರಿಂದ ಪ್ರಾಚೀನರು ನರೆಯನ್ನು ಹಿಂದಿರುಗಿಸಲು ಆಶಿಸಲೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಅವರ ಆಸೆ ನೆಟ್ಟಿದ್ದು ನಸ್ಯ, ಪಥ್ಯ, ರಸಾಯನಗಳ ಮೇಲೆ. ನೆತ್ತಿಗೆ ಸುರಿದ ಎಣ್ಣೆಯ ಮೇಲಷ್ಟೇ ಅಲ್ಲ.

ಇನ್ನು ‘ಮುಪ್ಪಿನ ನರೆ’ ಎಂಬ ವಿಶೇಷಣ. ಸುಶ್ರುತಸಂಹಿತೆ ಎಪ್ಪತ್ತು ದಾಟಿದ ಮೇಲಿನ ವಯಸ್ಸನ್ನು ವೃದ್ಧಾಪ್ಯವೆಂದು ಕರೆದು, ಸುಕ್ಕು, ನರೆ, ಬೋಳುಗಳನ್ನು ಅದರ ಲಕ್ಷಣಗಳಲ್ಲಿ ಸೇರಿಸುತ್ತದೆ. ಅದೇ ಗ್ರಂಥ ಮುಪ್ಪನ್ನು ಹಸಿವು, ನಿದ್ರೆ, ಮರಣಗಳ ಜೊತೆಗೆ ಸ್ವಭಾವದಿಂದ ಬರುವ ಸ್ಥಿತಿಯೆಂದು ವರ್ಗೀಕರಿಸಿ, ಎಷ್ಟು ಕಾಪಾಡಿಕೊಂಡರೂ ಬರುವುದು ಸಕಾಲಿಕ, ಕಾಪಾಡಿಕೊಳ್ಳದೆ ಬರುವುದು ಅಕಾಲಿಕ ಎಂದು ಭೇದಮಾಡುತ್ತದೆ. ನಿದಾನಸ್ಥಾನದಲ್ಲಿ ರೋಗವಾಗಿ ಬರುವ ನರೆಗೆ ಕೋಪ, ಶೋಕ, ಶ್ರಮಗಳೇ ಕಾರಣ. ಹಾಗಾಗಿ ಚಿಕಿತ್ಸೆಯ ಗುರಿ ಅಕಾಲದ ನರೆ ಎಂದು ಊಹಿಸಬಹುದು. ಊಹೆ ಎಂದೇ ಹೇಳುತ್ತೇನೆ. ಚಿಕಿತ್ಸಾ ಭಾಗಗಳು ಈ ಭೇದವನ್ನು ಮತ್ತೆ ಬಾಯಿಬಿಟ್ಟು ಹೇಳುವುದಿಲ್ಲ.

ಇಲ್ಲೇ ಒಂದು ಎಚ್ಚರ. ಒತ್ತಡಕ್ಕೆ ಸಿಕ್ಕ ಇಲಿಗಳಲ್ಲಿ ಸಿಂಪಥೆಟಿಕ್ ನರಗಳಿಂದ ಹೊಮ್ಮುವ ನಾರ್‌ಅಡ್ರಿನಲಿನ್ ಬಣ್ಣದ ಕಾಂಡಕೋಶಗಳನ್ನು ಬರಿದುಮಾಡುತ್ತದೆಂದು 2020ರಲ್ಲಿ ಹಾರ್ವರ್ಡಿನ ತಂಡ ತೋರಿಸಿದ ಮೇಲೆ, ಸುಶ್ರುತನ ಕೋಪಶೋಕಗಳೇ ಅಲ್ಲಿ ಸಾಬೀತಾದವೆಂದು ಹೇಳಿಬಿಡುವುದು ಸುಲಭ. ಕಾರಣಗಳ ಪಟ್ಟಿ ಹೊಂದುತ್ತದೆ, ನಿಜ. ಆದರೆ ಸುಶ್ರುತನ ವಿವರಣೆಯಲ್ಲಿ ತಲೆಗೇರಿದ ದೇಹದ ಬಿಸಿ ಮತ್ತು ಪಿತ್ತ ಕೂದಲನ್ನು ಬೇಯಿಸುತ್ತವೆ. ಅಲ್ಲಿ ನರವೂ ಇಲ್ಲ, ಕೋಶವೂ ಇಲ್ಲ. ಎರಡನ್ನೂ ಅವುಗಳ ನೆಲೆಯಲ್ಲೇ ಗೌರವಿಸುವುದು ಮೇಲು. ಕೆಲವರ ಬಿಡಿ ಕೂದಲುಗಳು ಬಿಳಿಯಾದ ಮೇಲೆ ಮತ್ತೆ ಬಣ್ಣ ಪಡೆದುದನ್ನು 2021ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಪಿಕಾರ್ಡ್ ತಂಡ ದಾಖಲಿಸಿದೆ. ಅದು ಬಿಡಿ ಎಳೆಗಳಲ್ಲಿ, ಬುಡದ ಕಡೆಯಿಂದ ಕಂಡ ಬದಲಾವಣೆ. ಎಣ್ಣೆಯ ಪ್ರಶ್ನೆ ಅಲ್ಲಿ ಬರುವುದಿಲ್ಲ.

ಹಾಗಾದರೆ ನೆತ್ತಿಯ ಆರೈಕೆಗೆ ಬೆಲೆಯಿಲ್ಲವೆ? ಇದೆ, ಆದರೆ ಅದರ ಜಾಗ ಬೇರೆ. ತೆಂಗಿನೆಣ್ಣೆ ಎಳೆಯೊಳಗೆ ಇಳಿದು ತೊಳೆಯುವಾಗ, ಬಾಚುವಾಗ ಆಗುವ ಪ್ರೋಟೀನ್ ನಷ್ಟವನ್ನು ತಗ್ಗಿಸುತ್ತದೆ, ಸೂರ್ಯಕಾಂತಿ ಎಣ್ಣೆಗೂ ಖನಿಜತೈಲಕ್ಕೂ ಆ ಗುಣವಿಲ್ಲ ಎಂದು ರೇಳೆ ಮತ್ತು ಮೊಹಿಲೆ 2003ರಲ್ಲಿ ತೋರಿಸಿದರು. ವಯಸ್ಸಿನಲ್ಲಿ ತೆಳುವಾದ, ಒರಟಾದ ಎಳೆಗೆ ಇದು ನಿಜವಾದ ಉಪಕಾರ: ಮುರಿಯುವುದು ಕಡಿಮೆಯಾದರೆ ತಲೆ ತುಂಬಿದಂತೆ ಕಾಣುತ್ತದೆ. ದಿನಕ್ಕೆ ನಾಲ್ಕು ನಿಮಿಷದಂತೆ 24 ವಾರ ನೆತ್ತಿ ತಿಕ್ಕಿದಾಗ ಎಳೆ ತುಸು ದಪ್ಪವಾಯಿತೆಂಬ 2016ರ ಜಪಾನಿನ ಅಧ್ಯಯನದಲ್ಲಿ ಇದ್ದವರು ಒಂಬತ್ತೇ ಮಂದಿ; ಅದರ ಮೇಲೆ ಸಿದ್ಧಾಂತ ಕಟ್ಟಲಾಗದು.

ಹೊಟ್ಟು, ತುರಿಕೆ ಇರುವ ನೆತ್ತಿಯ ಮಾತು ಇನ್ನೊಂದು. ಹೊಟ್ಟಿಗೆ ಕಾರಣವಾಗುವ ಮ್ಯಾಲಸೀಜಿಯ ಶಿಲೀಂಧ್ರ ತನಗೆ ಬೇಕಾದ ಕೊಬ್ಬಿನಾಮ್ಲಗಳನ್ನು ತಾನೇ ತಯಾರಿಸಲಾರದು. ಹೊರಗಿನ ಜಿಡ್ಡನ್ನೇ ತಿಂದು ಬದುಕುತ್ತದೆ. ಅಂಥ ನೆತ್ತಿಗೆ ರಾತ್ರಿಯಿಡೀ ಎಣ್ಣೆ ಬಿಡುವುದು ತೊಂದರೆಯನ್ನು ಬೆಳೆಸುತ್ತದೆ. ಬೇಕಾದ್ದು ಕೀಟೊಕೊನಜೋಲ್‌ನಂಥ ಶಿಲೀಂಧ್ರನಾಶಕ ಶ್ಯಾಂಪೂ. ಐವತ್ತರ ಆಸುಪಾಸಿನ ಹೆಂಗಸಿನ ಬೈತಲೆ ಅಗಲವಾಗುತ್ತಿದ್ದರೆ ರಕ್ತಹೀನತೆ, ಥೈರಾಯ್ಡ್ ತೊಂದರೆಗಳನ್ನು ಮೊದಲು ನೋಡಬೇಕು. 1988ರಲ್ಲಿ ಅಮೆರಿಕದಲ್ಲಿ ಗಂಡಸರಿಗೆ, ಆಮೇಲೆ ಹೆಂಗಸರಿಗೂ ಒಪ್ಪಿಗೆ ಪಡೆದ ಮಿನಾಕ್ಸಿಡಿಲ್ ಕೂಪ ಸತ್ತುಹೋಗುವ ಮೊದಲು ಹಚ್ಚಿದರೆ ಮಾತ್ರ ಕೆಲಸಕ್ಕೆ ಬರುತ್ತದೆ. ಸರಿಯಾಗಿ ಎಣ್ಣೆ ಹಚ್ಚಿಕೊಳ್ಳದ್ದರಿಂದಲೇ ಹೀಗಾಯಿತೆಂದು ಎಷ್ಟೋ ಹೆಂಗಸರು ತಮ್ಮನ್ನೇ ದೂರಿಕೊಳ್ಳುತ್ತಾರೆ. ಹೊಣೆಯನ್ನು ಹೀಗೆ ಅವರ ಮೇಲೆ ಹೊರಿಸಲು ಚರಕನಲ್ಲಿ ಆಧಾರವಿಲ್ಲ, ಜೀವಶಾಸ್ತ್ರದಲ್ಲೂ ಇಲ್ಲ.

ಎಣ್ಣೆಗೆ ಮದ್ದಲ್ಲದ ಇನ್ನೊಂದು ಜಾಗವೂ ಇದೆ: ಹನ್ನೆರಡನೆಯ ಶತಮಾನದ ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಮಾನಸೋಲ್ಲಾಸದಲ್ಲಿ ಸ್ನಾನವನ್ನು ರಾಜನ ಉಪಭೋಗಗಳಲ್ಲಿ ಸೇರಿಸಿ ವರ್ಣಿಸಿದ್ದಾನೆ. ಎಣ್ಣೆ ಸ್ನಾನದ ಸುಖಕ್ಕೆ ಚಿಕಿತ್ಸೆಯ ಸಮರ್ಥನೆ ಬೇಕಿಲ್ಲ ಎಂಬ ಮನೋಭಾವ ಅಲ್ಲಿ ಕಾಣುತ್ತದೆ. ಇನ್ನು ಮುಂದೆ ಆಗಬೇಕಾದ ಕೆಲಸದ ಮಾತು: ಕನ್ನಡದ ವೈದ್ಯ ಹಸ್ತಪ್ರತಿಗಳಲ್ಲಿ ನರೆಯ ಯೋಗಗಳು ಯಾವ ಭಾಗದಲ್ಲಿ ಬರುತ್ತವೆ, ಜಿಡ್ಡು ತೆಗೆಯಬೇಕೆಂಬ ಷರತ್ತು ಅಲ್ಲಿ ಉಳಿದಿದೆಯೆ ಎಂಬುದನ್ನು ಸಾಲುಸಾಲಾಗಿ ಹೋಲಿಸಿ ನೋಡುವ ಕೆಲಸ ಬಾಕಿಯಿದೆ. ಪ್ರಯೋಗಾಲಯದ ಕೆಲಸ ಅದಕ್ಕಿಂತ ಸುಲಭ: ಕತ್ತರಿಸಿದ ಬಿಳಿಗೂದಲಿನ ಎರಡು ಕಟ್ಟುಗಳು, ಒಂದಕ್ಕೆ ಎಣ್ಣೆ, ಇನ್ನೊಂದಕ್ಕೆ ಇಲ್ಲ; ಎರಡಕ್ಕೂ ಪಠ್ಯದಲ್ಲಿರುವಂತೆಯೇ ಕಬ್ಬಿಣದ ಲೇಪ ಮತ್ತು ತ್ರಿಫಲೆಯ ನೀರು. ಕಲಂಕಾರಿಯಂತೆ ಕ್ರಮ ತಿರುಗಿಸಿದ ಮೂರನೆಯ ಕಟ್ಟು, ಮಹಾನೀಲ ತೈಲ ಹಚ್ಚಿದ ನಾಲ್ಕನೆಯದೂ ಇರಲಿ. ಎಣ್ಣೆ ಹಚ್ಚಿದ ಕಟ್ಟೂ ಅಷ್ಟೇ ಕಪ್ಪಾದರೆ ಜಿಡ್ಡಿನ ಷರತ್ತಿನ ಮೇಲೆ ನಾನು ಕಟ್ಟಿದ ಎರಡನೆಯ ಸಾಕ್ಷ್ಯ ಬೀಳುತ್ತದೆ. ಆಗ ನನ್ನ ವಾದಕ್ಕೆ ಉಳಿಯುವುದು ಕಾಲದ ಸಾಕ್ಷ್ಯವೊಂದೇ.