ಕೆ.ಪಿ.ಸಿ. ವಂಶವಾಹಿ

ಉಳಿದ ಔಷಧಗಳೆಲ್ಲ ನಿಷ್ಫಲವಾದಾಗ ವೈದ್ಯರು ಆಶ್ರಯಿಸುವ ಕಾರ್ಬಪೆನೆಮ್ ವರ್ಗದ ಪ್ರತಿಜೈವಿಕಗಳನ್ನು ಸೀಳಿ ನಿರ್ವೀರ್ಯಗೊಳಿಸುವ ಕಿಣ್ವವೊಂದನ್ನು, ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಮೊದಲಾದ ಆಸ್ಪತ್ರೆಯ ಬ್ಯಾಕ್ಟೀರಿಯಗಳಲ್ಲಿ ಉತ್ಪಾದಿಸುವ ವಂಶವಾಹಿ. ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ 1996ರಲ್ಲಿ ದೊರೆತ ತಳಿಯೊಂದರಿಂದ ಗುರುತಿಸಲ್ಪಟ್ಟು, 2001ರಲ್ಲಿ ವರದಿಯಾಯಿತು. ಇದು ಸಾಮಾನ್ಯವಾಗಿ ಪ್ಲಾಸ್ಮಿಡ್ ಎಂಬ ಸಂಚಾರಶೀಲ ಡಿ.ಎನ್.ಎ. ವಲಯದಲ್ಲಿ ನೆಲೆಸಿರುವುದರಿಂದ, ಸಂತತಿಗೆ ಮಾತ್ರವಲ್ಲದೆ ಒಂದು ಪ್ರಭೇದದಿಂದ ಮತ್ತೊಂದಕ್ಕೂ ದಾಟಬಲ್ಲುದು. ಇದರ ನಿಜವಾದ ಭೀಕರತೆ ಇರುವುದು ಇಲ್ಲಿಯೇ.

2011ರ ಜೂನ್ ತಿಂಗಳಲ್ಲಿ ಮೇರಿಲ್ಯಾಂಡಿನ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಆಸ್ಪತ್ರೆಗೆ ಇಂಥ ಬ್ಯಾಕ್ಟೀರಿಯವನ್ನು ಹೊತ್ತ ರೋಗಿಯೊಬ್ಬರು ನ್ಯೂಯಾರ್ಕಿನಿಂದ ಬಂದು, ಪ್ರತ್ಯೇಕವಾಗಿ ಇರಿಸಲ್ಪಟ್ಟು ತೆರಳಿದ ಮೂರು ವಾರಗಳ ತರುವಾಯ ಮತ್ತೊಬ್ಬರಲ್ಲಿ ಅದು ಕಾಣಿಸಿಕೊಂಡಿತು. ಮೊದಲ ರೋಗಿಯೂ ಸೇರಿ 18 ಮಂದಿಗೆ ತಗುಲಿ, ಅವರಲ್ಲಿ 11 ಮಂದಿ ಅಸುನೀಗಿದರು. 6 ಮರಣಗಳಿಗೆ ಈ ಸೋಂಕೇ ಕಾರಣವೆಂದು ನಿರ್ಣಯವಾಯಿತು. ಮೃತರಲ್ಲಿ ಅನೇಕರು ಪೂರ್ವದಲ್ಲಿಯೇ ತೀವ್ರವಾದ ವ್ಯಾಧಿಗಳಿಂದ ಕೃಶರಾಗಿದ್ದುದರಿಂದ, ಆ ಎರಡು ಸಂಖ್ಯೆಗಳನ್ನು ಬೇರ್ಪಡಿಸಿ ಓದುವುದೇ ನ್ಯಾಯ. ಪ್ರತಿಯೊಬ್ಬರಿಂದ ದೊರೆತ ಬ್ಯಾಕ್ಟೀರಿಯದ ಸಮಗ್ರ ಜೀನೋಮನ್ನು ಓದಿ ಸೂಕ್ಷ್ಮ ವ್ಯತ್ಯಾಸಗಳನ್ನು ಹೋಲಿಸಿದ ವಿಜ್ಞಾನಿಗಳು, ಸೋಂಕೆಲ್ಲವೂ ಆ ಮೊದಲ ರೋಗಿಯಿಂದಲೇ ಕವಲೊಡೆದುದೆಂದು 2012ರಲ್ಲಿ ತೋರಿಸಿಕೊಟ್ಟರು. ಶುಚಿಗೊಳಿಸಿದ್ದ ವೆಂಟಿಲೇಟರ್ ಒಂದರಲ್ಲಿಯೂ ಸಿಂಕುಗಳ ಬಚ್ಚಲುಕೊಳವೆಯಲ್ಲಿಯೂ ಅದು ಪತ್ತೆಯಾಗಿತ್ತು.