ಬೆಂಕಿಪುರದ ಕಬ್ಬಿಣ, ಜಿಂಕೆಯ ಬಾಣ: ಒಂದು ಅಲಗಿನ ಮೂರು ಸಾವಿರ ವರ್ಷ

ಅಮೆರಿಕದವರು ಬಿಲ್ಲಿನಿಂದ ಜಿಂಕೆ ಹೊಡೆಯುವ ವಿಡಿಯೊಗಳು ಈಗ ನಮ್ಮ ಮೊಬೈಲಿಗೂ ಬರುತ್ತವೆ. ಅವುಗಳಲ್ಲಿ ‘ಮೆಕ್ಯಾನಿಕಲ್ ಬ್ರಾಡ್‌ಹೆಡ್’ ಎಂಬ ಮಾತು ಪದೇ ಪದೇ ಕೇಳುತ್ತದೆ. ಹಾರುವಾಗ ಕೊಡೆಯ ಹಾಗೆ ಮಡಚಿಕೊಂಡಿದ್ದು, ಪ್ರಾಣಿಯ ಮೈಗೆ ತಾಗಿದ ಕ್ಷಣ ಅಲಗು ಬಿಚ್ಚಿಕೊಳ್ಳುವ ಬಾಣದ ಮೊನೆ ಅದು. ಇದು ಒಳ್ಳೆಯದೋ, ಅಲಗು ಬಿಗಿಯಾಗಿ ಕೂತಿರುವ ಹಳೇ ಮೊನೆ ಒಳ್ಳೆಯದೋ ಎಂದು ಅಲ್ಲಿನ ಬೇಟೆಗಾರರ ವಾದ ಮುಗಿಯುವುದೇ ಇಲ್ಲ.

ನಮ್ಮಲ್ಲಿ ಜಿಂಕೆ ಬೇಟೆ ಅಪರಾಧ. ಆದರೂ ಈ ವಾದ ನಮಗೆ ಹೊರಗಿನದಲ್ಲ. ದಕ್ಷಿಣ ಭಾರತದಲ್ಲಿ ಬಾಣಕ್ಕೆ ಕಬ್ಬಿಣದ ಮೊನೆ ಬಂದ ಹಳೆಯ ಜಾಗಗಳಲ್ಲಿ ಒಂದು ನಮ್ಮ ಹೊಳೆಯ ದಂಡೆಯಲ್ಲೇ ಇದೆ.

ಹಳ್ಳೂರಿನ ಮಣ್ಣಿನಲ್ಲಿ ಸಿಕ್ಕಿದ್ದು

ಶಿವಮೊಗ್ಗ ದಾಟಿದ ತುಂಗೆ, ಭದ್ರಾವತಿ ದಾಟಿದ ಭದ್ರೆ ಕೂಡ್ಲಿಯಲ್ಲಿ ಒಂದಾಗುತ್ತವೆ. ಅಲ್ಲಿಂದ ಹೊಳೆಯ ಜೊತೆಗೇ ಹೊನ್ನಾಳಿ ದಾಟಿ ಕೆಳಗೆ ಹೋದರೆ ಹಾವೇರಿ ಜಿಲ್ಲೆಯ ಹಳ್ಳೂರು ಸಿಗುತ್ತದೆ. 1965ರಲ್ಲಿ ಪುರಾತತ್ವ ವಿದ್ವಾಂಸ ಎಂ.ಎಸ್. ನಾಗರಾಜರಾವ್ ಇಲ್ಲಿ ಅಗೆಸಿದರು. ಕಲ್ಲಿನ ಆಯುಧದ ಕಾಲ ಮುಗಿದು ಕಬ್ಬಿಣದ ಕಾಲ ಶುರುವಾಗುವ ನಡುವಿನ ಪದರದಲ್ಲಿ ಕಬ್ಬಿಣದ ಬಾಣದ ಮೊನೆಗಳು ಸಿಕ್ಕವು. ಇಂಗಾಲದ ಪರೀಕ್ಷೆ ಆ ಪದರಕ್ಕೆ ಕೊಟ್ಟ ಕಾಲ ಕ್ರಿ.ಪೂ. 1000ದ ಆಸುಪಾಸು.

ಇದರ ಅರ್ಥ ಯೋಚಿಸಿ. ಕಬ್ಬಿಣ ಇನ್ನೂ ಅಪರೂಪವಾಗಿದ್ದಾಗಲೇ ನಮ್ಮ ಹೊಳೆಸಾಲಿನ ಜನ ಅದನ್ನು ಬಾಣದ ತುದಿಗೆ ಹಾಕಿದರು. ಎಸೆದರೆ ಮರಳಿ ಸಿಗುತ್ತದೆಂಬ ಖಾತ್ರಿಯಿಲ್ಲದ ವಸ್ತುವಿಗೆ ಅಷ್ಟು ದುಬಾರಿ ಲೋಹ. ಮೊನೆ ಅವರಿಗೆ ಅಷ್ಟು ಮುಖ್ಯವಾಗಿತ್ತು.

ಬಾಣ ಕೊಲ್ಲುವುದು ಹೇಗೆ?

ಗುಂಡು ಹೊಡೆತದ ರಭಸದಿಂದ ಕೊಲ್ಲುತ್ತದೆ. ಬಾಣಕ್ಕೆ ಆ ರಭಸವಿಲ್ಲ. ಅದು ಕೊಯ್ಯುತ್ತದೆ, ಒಳಗಿನ ರಕ್ತ ಸೋರಿ ಪ್ರಾಣಿ ಸಾಯುತ್ತದೆ. ಅಲಗು ಹರಿತವಾಗಿದ್ದು ಶ್ವಾಸಕೋಶಕ್ಕೆ ಬಿದ್ದರೆ ಜಿಂಕೆ ಸ್ವಲ್ಪ ದೂರ ಓಡಿ ಬೀಳುತ್ತದೆ. ಮೊಂಡಾಗಿದ್ದರೆ, ಇಲ್ಲವೇ ಬೇರೆಡೆ ತಾಗಿದರೆ, ಗಾಯ ಹೊತ್ತುಕೊಂಡು ಕಾಡು ಸೇರಿ ದಿನಗಟ್ಟಲೆ ನರಳುತ್ತದೆ.

ಹಾಗಾಗಿ ಮೊನೆ ಮಾಡುವ ಕಮ್ಮಾರನ ಮುಂದೆ ಮೂರು ಬೇಡಿಕೆಗಳಿದ್ದವು. ಅಗಲವಾಗಿ ಕೊಯ್ಯಬೇಕು, ಆಳಕ್ಕೆ ಇಳಿಯಬೇಕು, ನೇರವಾಗಿ ಹಾರಬೇಕು. ಒಂದನ್ನು ಹೆಚ್ಚಿಸಿದರೆ ಇನ್ನೊಂದು ಕಮ್ಮಿಯಾಗುತ್ತದೆ. ಅಗಲದ ಅಲಗು ಗಾಳಿ ಹಿಡಿದು ಬಾಣವನ್ನು ಅತ್ತಿತ್ತ ಎಳೆಯುತ್ತದೆ. ಸಣ್ಣದು ನೇರ ಹೋಗುತ್ತದೆ, ಗಾಯ ಚಿಕ್ಕದು. ತಾಳಮದ್ದಳೆ ಕೇಳುವವರಿಗೆ ಅರ್ಧಚಂದ್ರ ಬಾಣ, ಕರ್ಣನ ತಲೆ ಕತ್ತರಿಸಿದ ಅಂಜಲಿಕ ಗೊತ್ತು. ಈ ಹೆಸರುಗಳ ಹಿಂದೆ ಇರುವುದೂ ಇದೇ ತಿಳಿವಳಿಕೆ: ಕೆಲಸಕ್ಕೆ ತಕ್ಕ ಮೊನೆ.

ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ಮ್ಯೂಸಿಯಂಗೆ ಹೋದರೆ ಅಂಗಳದ ವೀರಗಲ್ಲುಗಳನ್ನು ನಿಧಾನವಾಗಿ ನೋಡಿ. ಇಂಥ ಕಲ್ಲುಗಳ ಕೆಳಗಿನ ಸಾಲಿನಲ್ಲಿ ಸಾಮಾನ್ಯವಾಗಿ ಕಾಳಗ ಇರುತ್ತದೆ. ತುರುಗೋಳಿನಲ್ಲಿ ಸತ್ತವರಿಗಷ್ಟೇ ಅಲ್ಲ, ಬೇಟೆಯಲ್ಲಿ ಸತ್ತವರಿಗೂ ನಮ್ಮವರು ಕಲ್ಲು ನಿಲ್ಲಿಸಿದ್ದಾರೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ, ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯನ್ನೂ ಮರೆಯಲಿಲ್ಲ. ಬೇಟೆಯಲ್ಲಿ ಸಾವು ಎರಡೂ ಕಡೆಗಿತ್ತು.

ಬಿಲ್ಲು ಹೋಯಿತು, ಕೋವಿ ಬಂತು

ಕೋವಿ ಬಂದ ಮೇಲೆ ಬಿಲ್ಲು ಹಿಂದೆ ಸರಿಯಿತು, ಬೇಟೆ ದೊರೆಗಳ ವಿನೋದವಾಗಿ ಉಳಿಯಿತು. ಶಿಕಾರಿಪುರಕ್ಕೆ ಆ ಹೆಸರು ಬಂದದ್ದು ಹೈದರಾಲಿ ಅಥವಾ ಟಿಪ್ಪುವಿನ ಕಾಲದ ಅರಸು ಬೇಟೆಯಲ್ಲಿ ಸಿಕ್ಕ ಪ್ರಾಣಿಗಳಿಂದ ಎಂದು ಮೈಸೂರು ಗೆಜೆಟಿಯರ್ ಬರೆದಿದೆ. 1901ರಲ್ಲಿ ಮೈಸೂರು ಸಂಸ್ಥಾನ ಬೇಟೆ ಮತ್ತು ಮೀನಿನ ರಕ್ಷಣೆಗೆ ಕಾನೂನು ತಂದಿತು. ಅದು ಬೇಟೆಗೆ ಲಗಾಮು ಹಾಕಿತೇ ಹೊರತು ನಿಲ್ಲಿಸಲಿಲ್ಲ.

1923: ಎರಡು ಕಡೆಯ ಎರಡು ಸುದ್ದಿ

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಅಲ್ಲಿ 1923ರ ಜನವರಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಉರಿಯತೊಡಗಿತು. ವಿಶ್ವೇಶ್ವರಯ್ಯನವರು ಅದನ್ನು ನಿಲ್ಲಿಸಲು ಪಟ್ಟ ಪಾಡು ಎಲ್ಲರಿಗೂ ಗೊತ್ತು.

ಅದೇ ವರ್ಷ ಅಮೆರಿಕದ ವೈದ್ಯ ಸ್ಯಾಕ್ಸ್‌ಟನ್ ಪೋಪ್ ಬಿಲ್ಲುಬೇಟೆಯ ಬಗ್ಗೆ ಪುಸ್ತಕ ಪ್ರಕಟಿಸಿದ. ಯಾಹಿ ಬುಡಕಟ್ಟಿನ ಇಶಿ ಎಂಬುವನಿಂದ ಬಿಲ್ವಿದ್ಯೆ ಕಲಿತವನು ಅವನು. ಪೆಟ್ಟಿಗೆಯೊಳಗೆ ದನದ ಯಕೃತ್ತು ತುಂಬಿ, ಹೊರಗೆ ಜಿಂಕೆಯ ಚರ್ಮ ಬಿಗಿದು, ಬೇರೆ ಬೇರೆ ಮೊನೆಗಳ ಬಾಣ ಬಿಟ್ಟು ಅಳೆದ. ಜ್ವಾಲಾಮುಖಿಯ ಗಾಜುಗಲ್ಲಿನ ಮೊನೆ ಉಕ್ಕಿಗಿಂತ ಆಳಕ್ಕೆ ಹೋಯಿತು. ಲೋಹಕ್ಕಿಂತ ಹರಿತ ದೊಡ್ಡದು ಎಂಬುದು ಅಲ್ಲಿ ಕಂಡಿತು.

ಇಂದಿನ ಮಡಚುವ ಮೊನೆಯ ವಾದವೂ ಅಲ್ಲೇ ಸುತ್ತುತ್ತದೆ. ಮಡಚಿದ ಅಲಗು ಗಾಳಿ ಹಿಡಿಯುವುದಿಲ್ಲ, ಬಾಣ ನೇರ ಹೋಗುತ್ತದೆ, ಬಿಚ್ಚಿದ ಮೇಲೆ ಗಾಯ ಅಗಲ. ಆದರೆ ಬಿಚ್ಚಿಕೊಳ್ಳುವುದಕ್ಕೇ ಬಾಣದ ಕಸುವಿನ ಒಂದು ಪಾಲು ಖರ್ಚಾಗುತ್ತದೆ. ಓರೆಯಾಗಿ ತಾಗಿದರೆ, ಮೂಳೆ ಸಿಕ್ಕರೆ, ಬಿಲ್ಲಿನ ಎಳೆತ ಕಮ್ಮಿಯಿದ್ದರೆ ಕೈಕೊಡಬಹುದು. ಬಿಗಿ ಮೊನೆಗೆ ಕೈಕೊಡಲು ಕೀಲೇ ಇಲ್ಲ. ಅಮೆರಿಕದಲ್ಲೇ ಇಡಾಹೊ, ಒರೆಗಾನ್ ರಾಜ್ಯಗಳು ಮಡಚುವ ಮೊನೆಯನ್ನು ಬಹುಕಾಲ ನಿಷೇಧಿಸಿದ್ದವು. ಅಲ್ಲಿ ಎಲ್ಲರ ಅಳತೆಗೋಲು ಒಂದೇ: ಗಾಯಗೊಂಡ ಜಿಂಕೆ ತಪ್ಪಿಸಿಕೊಂಡು ನರಳಬಾರದು.

ನಮ್ಮ ಜಿಂಕೆಗಳಿಗೆ ಏನಾಯಿತು?

ಮಲೆನಾಡಿನ ಜಿಂಕೆಯ ಕಥೆ ಮೊನೆಯಲ್ಲಿ ಮುಗಿಯುವುದಿಲ್ಲ. ಭದ್ರಾವತಿಯ ಮೊದಲ ಕುಲುಮೆ ಉರಿದದ್ದು ಇದ್ದಿಲಿನಿಂದ. ಅದಿರು ಕೆಮ್ಮಣ್ಣುಗುಂಡಿಯಿಂದ ಬಂತು, ಇದ್ದಿಲು ಸುತ್ತಲಿನ ಕಾಡಿನಿಂದ. ಜೋಗದ ವಿದ್ಯುತ್ತಿನ ಕುಲುಮೆ ಬಂದದ್ದು ಆಮೇಲೆ. ಲಕ್ಕವಳ್ಳಿಯ ಅಣೆಕಟ್ಟು ಭದ್ರೆಯ ಕಣಿವೆಯನ್ನು ಮುಳುಗಿಸಿತು. ಕಾರ್ಖಾನೆ ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿತು, ಅಣೆಕಟ್ಟು ಗದ್ದೆಗಳಿಗೆ ನೀರು ಕೊಟ್ಟಿತು. ಜಿಂಕೆಯ ಮೇವಿನ ಜಾಗ ಮಾತ್ರ ಕುಗ್ಗಿತು. ಬಾಣದ ತುದಿಯ ಕಬ್ಬಿಣಕ್ಕಿಂತ ಕಬ್ಬಿಣ ಕರಗಿಸಿದ ಬೆಂಕಿ ಅದನ್ನು ಹೆಚ್ಚು ತಟ್ಟಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ಬಾಗಿಲು ಮುಚ್ಚಿತು. 1974ರಲ್ಲಿ ಶೆಟ್ಟಿಹಳ್ಳಿ ಅಭಯಾರಣ್ಯವಾಯಿತು. ಆ ಕಾಯ್ದೆಯಲ್ಲಿ ‘ಬೇಟೆ’ ಎಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಉರುಳು ಹಾಕುವುದು, ಅದಕ್ಕೆ ಪ್ರಯತ್ನಿಸುವುದೂ ಬೇಟೆಯೇ. ಅಭಯಾರಣ್ಯದೊಳಗೆ ಮಾಡಿದರೆ ಕನಿಷ್ಠ ಮೂರು ವರ್ಷ ಜೈಲು, ಏಳು ವರ್ಷದವರೆಗೂ ಹೋಗಬಹುದು. ಬೆಳೆ ಹಾಳಾದರೂ ಅಧಿಕಾರಿಯ ಲಿಖಿತ ಅನುಮತಿ ಇಲ್ಲದೆ ಕೈ ಎತ್ತುವಂತಿಲ್ಲ.

ರಾತ್ರಿ ಕಾವಲಿದ್ದು ಬೆಳಗ್ಗೆ ತುಳಿದ ಬೆಳೆ ನೋಡಿದವರಿಗೆ ಈ ಮಾತು ಕಹಿ. ಆದರೆ ಬೇಲಿಯ ಸಂದಿಗೆ ಕಟ್ಟುವ ತಂತಿಯ ಉರುಳನ್ನು ಹಳೆಯ ಬೇಟೆಗಾರನ ಅಳತೆಯಲ್ಲೇ ಒಮ್ಮೆ ನೋಡಿ. ಅದಕ್ಕೆ ಅಲಗಿಲ್ಲ, ಗುರಿಯಿಲ್ಲ. ಜಿಂಕೆಗೆ ಕಟ್ಟಿದ್ದಕ್ಕೆ ಚಿರತೆ ಬೀಳುತ್ತದೆ, ಊರಿನ ದನವೂ ಬೀಳುತ್ತದೆ. ಬಿದ್ದದ್ದು ಬೇಗ ಸಾಯುವುದೂ ಇಲ್ಲ. ಮೂರು ಸಾವಿರ ವರ್ಷ ಕಮ್ಮಾರರು ಮೊನೆ ತಿದ್ದುತ್ತಾ ತಪ್ಪಿಸಲು ನೋಡಿದ ನರಳಾಟವೇ ಉರುಳಿನ ಕೆಲಸ. ಕಾನೂನು ಬೇಡ ಅನ್ನುವುದಕ್ಕೂ ಮೊದಲೇ, ಹಳ್ಳೂರಿನಲ್ಲಿ ಆ ಮೊನೆ ಬಡಿದವನು ಅದನ್ನು ಬೇಡ ಅನ್ನುತ್ತಿದ್ದ.